ವ್ಯತ್ಯಾಸ ಗೊತ್ತಾಯಿತೇ?

ಪಲ್ಲವಿ ಮುಗಿದು, ಪಿಟೀಲುಗಳು ಒಂದು ಸುತ್ತು ಬಂದು, ಗಾಯಕಿ ಇನ್ನೇನು ಚರಣ ಎತ್ತಿಕೊಳ್ಳಬೇಕು, ಅಷ್ಟರಲ್ಲಿ ಹಾಡು ನಿಂತುಹೋಯಿತು. ಫೋನಿನ ಚಾರ್ಜು ಮುಗಿದಿರಲಿಲ್ಲ, ಯಾರ ಕರೆಯೂ ಬಂದಿರಲಿಲ್ಲ. ಎದುರಿಗೆ ಕುಳಿತಿದ್ದ ನನ್ನ ಭಾವಮೈದುನ ಕೈ ಚಾಚಿ ನಿಲ್ಲಿಸಿದ್ದ. "ಕೇಳಿದಿರಲ್ಲ ಭಾವ? ಈಗ ಇದರಲ್ಲಿ ಕೇಳಿ" ಎನ್ನುತ್ತ ನನ್ನ ಕಿವಿಯಲ್ಲಿದ್ದ ಇಯರ್‌ಫೋನಿನ ತಂತಿಯನ್ನು ಒಂದು ಡಬ್ಬಿಯಿಂದ ಕಿತ್ತು ಇನ್ನೊಂದು ಡಬ್ಬಿಗೆ ಚುಚ್ಚಿದ. ಹಾಡು ಮತ್ತೆ ಪಲ್ಲವಿಯಿಂದ ಶುರುವಾಯಿತು. ಪಿಟೀಲುಗಳು ಬಂದವು. ಮತ್ತೆ ನಿಂತಿತು. ನಿನ್ನೆ ಸಂಜೆಯಿಡೀ ಆ ಪುಣ್ಯಾತ್ಗಿತ್ತಿ ಚರಣಕ್ಕೆ ಹೋಗಲೇ ಇಲ್ಲ. ರಾತ್ರಿ ಮಲಗಿದ ಮೇಲೂ ಅದೇ ಪಲ್ಲವಿ ತಲೆಯೊಳಗೆ ಗಿರಕಿ ಹೊಡೆಯುತ್ತಿತ್ತು. ಆ ಸಿಟ್ಟು ಆರುವ ಮೊದಲೇ ಇದನ್ನು ಬರೆದು ಮುಗಿಸುತ್ತೇನೆ.

ಕಿವಿಯೊಳಗೆ ತೂರಿಸಿಕೊಳ್ಳುವ ಇಯರ್‌ಫೋನು ಈಗ ಯಾರ ಬಳಿ ಇಲ್ಲ? ಅದರ ತಂತಿ ಜೇಬಿನಲ್ಲಿ ಗಂಟು ಹಾಕಿಕೊಳ್ಳುವ ಕಥೆಯನ್ನು ಎಲ್ಲರೂ ಬರೆದಾಗಿದೆ, ಅದನ್ನು ಬಿಡುತ್ತೇನೆ. ನನ್ನ ತಕರಾರು ಆ ತಂತಿಯ ಇನ್ನೊಂದು ತುದಿಗೆ ಬಂದು ಕುಳಿತಿರುವ ಡಬ್ಬಿಯ ಮೇಲೆ. ಇದಕ್ಕೆ ಪೋರ್ಟಬಲ್ ಆಂಪ್ಲಿಫೈಯರ್ ಎನ್ನುತ್ತಾರೆ. ಫೋನಿನಿಂದ ಬರುವ ಧ್ವನಿ ಬಡಕಲಾಗಿರುತ್ತದೆ, ಇದರ ಮೂಲಕ ಹಾಯಿಸಿದರೆ ಮೈಕೈ ತುಂಬಿಕೊಳ್ಳುತ್ತದೆ ಎಂಬುದು ನಂಬಿಕೆ. 2016ರಲ್ಲಿ ಐಫೋನ್ 7ರಿಂದ ಇಯರ್‌ಫೋನು ಚುಚ್ಚುವ 3.5 ಮಿಲಿಮೀಟರಿನ ಜಾಕ್ ಮಾಯವಾಗಿ, ಮುಂದೆ ಬೇರೆ ಫೋನುಗಳಿಂದಲೂ ಒಂದೊಂದಾಗಿ ಮಾಯವಾಗುತ್ತ ಬಂದ ಮೇಲೆ ತಂತಿ ಬೇಕೆನ್ನುವವರೆಲ್ಲ ಏನಾದರೊಂದನ್ನು ನಡುವೆ ಸಿಕ್ಕಿಸಲೇಬೇಕಾಯಿತು. ಹೆಬ್ಬೆರಳಿನಷ್ಟು ಉದ್ದದ ಡಾಂಗಲ್ ಸಿಕ್ಕಿಸಿ ಸುಮ್ಮನಾದವರು ಸುಖವಾಗಿದ್ದಾರೆ. ನನ್ನ ಭಾವಮೈದುನ ಸುಮ್ಮನಾಗುವ ಜಾತಕದವನಲ್ಲ.

ಅವನ ಹಳೆಯ ಆಂಪ್ ಒಂದು ನನ್ನ ಪಾಲಿಗೆ ಬಂದಿತ್ತು. "ಇಟ್ಟುಕೊಳ್ಳಿ ಭಾವ, ನಿಮ್ಮ ಇಯರ್‌ಫೋನು ಪಾಪ ಹಸಿದಿದೆ" ಎಂದು ಕೊಟ್ಟಿದ್ದ. ಅದನ್ನು ಫೋನಿನ ಬೆನ್ನಿಗೆ ಎರಡು ದಪ್ಪ ರಬ್ಬರ್ ಬ್ಯಾಂಡುಗಳಿಂದ ಕಟ್ಟಬೇಕು. ಈ ಹವ್ಯಾಸದವರೆಲ್ಲ ಹಾಗೆಯೇ ಕಟ್ಟುತ್ತಾರಂತೆ. ಚಂದ್ರನ ಮೇಲೆ ಇಳಿದು ಬಂದ ನಾಗರಿಕತೆಯಲ್ಲಿ ಧ್ವನಿಯ ಪರಮೋಚ್ಚ ಗುಣಮಟ್ಟ ರಬ್ಬರ್ ಬ್ಯಾಂಡಿನ ಮೇಲೆ ನಿಂತಿದೆ. ಅದೂ ಎಲ್ಲಿ ನಿಂತಿದೆ? ಫೋನಿನ ಪರದೆಯ ಮೇಲೆ. ಬ್ಯಾಂಡು ಒಂದಿಷ್ಟು ಜಾರಿದರೆ ಅಕ್ಷರಗಳು ಅದರ ಕೆಳಗೆ. ಅದನ್ನು ಸರಿಸಲು ಹೋದ ಬೆರಳು ಪರದೆಗೆ ತಾಗಿದರೆ ಮುಂದಿನ ಹಾಡು, ಇನ್ನೂ ಒಂದಿಷ್ಟು ತಾಗಿದರೆ ಹಿರಿಯ ಅಧಿಕಾರಿಗಳಿಗೆ ಕರೆ.

ಬ್ಯಾಂಡನ್ನಾದರೂ ಸಹಿಸಬಹುದು, ವಾಲ್ಯೂಮಿನ ಗುಂಡಿಯನ್ನು ಹೇಗೆ ಸಹಿಸುವುದು? ಆಂಪ್‌ನ ನೆತ್ತಿಯ ಮೇಲೆ ತಿರುಗಿಸುವ ಗುಂಡಿಯೊಂದಿದೆ. ಜೇಬಿನ ಬಟ್ಟೆ ಅದಕ್ಕೆ ತಗುಲಿದರೆ ಸಾಕು, ತಿರುಗುತ್ತದೆ. ನಿಂತರೆ ಪಿಸುಮಾತು, ಕುಳಿತರೆ ಗುಡುಗು. ಬಸ್ಸಿನಲ್ಲಿ ಸೀಟು ಸಿಕ್ಕಿತೆಂದು ಸಂತೋಷದಿಂದ ಕುಳಿತವನು ಎರಡೂ ಕಿವಿ ಹಿಡಿದುಕೊಂಡು ಚೀರಿ ಎದ್ದರೆ ಪಕ್ಕದವರು ಏನೆಂದುಕೊಳ್ಳಬೇಕು? ಪಕ್ಕದಲ್ಲಿದ್ದ ಹಿರಿಯರು ಸೀಟನ್ನು ಕೈಯಿಂದ ಸವರಿ ಮೊಳೆ ಇದೆಯೇ ಎಂದು ಹುಡುಕಿದರು. ಹೋಗಲಿ, ಗುಂಡಿಯನ್ನು ಪೂರ್ತಿ ಕೆಳಗಿಟ್ಟು ಕೇಳೋಣವೆಂದರೆ ಗಾಯಕಿ ಎಡಗಿವಿಯೊಳಗೆ ಹೋಗಿ ಕುಳಿತುಬಿಡುತ್ತಾಳೆ. ಇದು ನನ್ನ ಭ್ರಮೆಯಲ್ಲ. ಇಂಥ ಗುಂಡಿಯೊಳಗೆ ಸದ್ದನ್ನು ಏರಿಳಿಸಲು ಎಡಗಿವಿಗೊಂದು ಬಲಗಿವಿಗೊಂದು ಪಟ್ಟಿ ಇರುತ್ತದೆ. ತಿರುಗಲು ಶುರುವಾಗುವ ಜಾಗದಲ್ಲಿ ಅವೆರಡೂ ಸರಿಸಮವಾಗಿ ಹೊಂದುವುದು ಅಪರೂಪ. ಮೇಲೆ ಹೋದಂತೆ ಹೊಂದಿಕೊಳ್ಳುತ್ತವೆ, ಆದರೆ ಅಷ್ಟು ಮೇಲೆ ಹೋದರೆ ನನ್ನ ಕಿವಿ ಉಳಿಯುವುದಿಲ್ಲ. ಬದಿಯಲ್ಲಿ, ಸದ್ದನ್ನು ಎಷ್ಟು ಪಟ್ಟು ವರ್ಧಿಸಬೇಕೆಂದು ಹೇಳುವ ಗೇನ್ ಎಂಬ ಪುಟ್ಟ ಸ್ವಿಚ್ಚನ್ನು ಕೆಳಗೆ ತಳ್ಳಿದರೆ ಗುಂಡಿಯನ್ನು ನೆಮ್ಮದಿಯಾಗಿ ಮೇಲಕ್ಕೆ ತಿರುಗಿಸಬಹುದು. ನಾನು ಹಾಗೆ ತಳ್ಳಿದಾಗಲೆಲ್ಲ ಭಾವಮೈದುನ ಬಂದು ಅದನ್ನು ಮೇಲಕ್ಕೆ ತಳ್ಳುತ್ತಾನೆ. "ಅಷ್ಟು ಶಕ್ತಿ ಇರುವಾಗ ಉಪಯೋಗಿಸಬೇಡವೇ?" ಎನ್ನುತ್ತಾನೆ.

ಈ ಶಕ್ತಿಯ ವಿಚಾರವೇ ನನಗೆ ಅರ್ಥವಾಗದಿರುವುದು. ವಿದ್ಯುತ್ತಿಗೆ 300 ಓಮ್‌ನಷ್ಟು ತಡೆ ಒಡ್ಡುವ ದೊಡ್ಡ ಬಟ್ಟಲಿನ ಹೆಡ್‌ಫೋನಾದರೆ ಸರಿ, ಅದನ್ನು ಎಬ್ಬಿಸಿ ಕೂರಿಸಲು ವೋಲ್ಟೇಜು ಬೇಕು, ಫೋನಿನ ಕೈಯಲ್ಲಿ ಆಗದಿರಬಹುದು. ಆದರೆ ಕಿವಿಯೊಳಗಿನ ಇಯರ್‌ಫೋನುಗಳು ಹೆಚ್ಚಾಗಿ 16 ಓಮ್, 32 ಓಮ್ ಆಸುಪಾಸಿನವು. ಒಂದೇ ಒಂದು ಮಿಲಿವಾಟಿಗೆ 100 ಡೆಸಿಬಲ್ ದಾಟಿ ಕೂಗುವವು ಎಷ್ಟೋ ಇವೆ. 80 ಡೆಸಿಬಲ್ಲಿನ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬೇಡಿ, 90 ಆದರೆ 4 ಗಂಟೆಗೇ ನಿಲ್ಲಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಿರುವಾಗ ನೂರಾರು ಮಿಲಿವಾಟಿನ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡು ನಾನು ಯಾರ ಮೇಲೆ ಯುದ್ಧಕ್ಕೆ ಹೋಗಬೇಕು?

ಅಷ್ಟು ಸೂಕ್ಷ್ಮವಾದ ಇಯರ್‌ಫೋನಿಗೆ ಬೇಕಾದದ್ದು ಬಲವಲ್ಲ, ಮೌನ. ಆಂಪ್‌ನೊಳಗೆ ಒಂದಿಷ್ಟು ಸದ್ದಿದ್ದರೆ ಅದನ್ನು ಚಾಚೂ ತಪ್ಪದೆ ಕಿವಿಗೆ ತಂದು ಮುಟ್ಟಿಸುತ್ತದೆ. ನನ್ನ ಪಾಲಿನ ಡಬ್ಬಿ ಹಾಡು ಶುರುವಾಗುವ ಮೊದಲೇ "ಸ್ಸ್ಸ್" ಎನ್ನುತ್ತಿತ್ತು. ದೊಡ್ಡ ಹೆಡ್‌ಫೋನಿನಲ್ಲಿ ಆ ಸದ್ದು ಕೇಳಿಸುವುದೇ ಇಲ್ಲ. ಜೊತೆಗೆ ಫೋನು 2ಜಿ ಜಾಲಕ್ಕೆ ಇಳಿದರಂತೂ "ಟರ‍್ರ್ ಟಟಟ ಟರ‍್ರ್" ಎಂಬ ಇನ್ನೊಂದು ವಾದ್ಯ ಸೇರಿಕೊಳ್ಳುತ್ತದೆ. ಆ ಜಾಲದಲ್ಲಿ ಫೋನು ಸೆಕೆಂಡಿಗೆ ಸುಮಾರು 217 ಸಲ ಬಿಟ್ಟು ಬಿಟ್ಟು ಪ್ರಸಾರ ಮಾಡುತ್ತದೆ; ಬೆನ್ನಿಗೆ ಆತುಕೊಂಡಿರುವ ಆಂಪ್ ಅದನ್ನೂ ಭಕ್ತಿಯಿಂದ ವರ್ಧಿಸಿ ಕೊಡುತ್ತದೆ. ಇನ್ನೊಂದು ಲೆಕ್ಕವೂ ಇದೆ: ಡಬ್ಬಿಯ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಅದರದೇ ಒಳಗಿನ ತಡೆ, ಇಯರ್‌ಫೋನಿನದಕ್ಕಿಂತ ಎಂಟು ಪಟ್ಟಾದರೂ ಕಡಿಮೆ ಇರಬೇಕು, 16 ಓಮ್‌ನದಕ್ಕೆ 2 ಓಮ್ ಮೀರಬಾರದು. ಮೀರಿದರೆ, ಒಳಗೆ ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಹಲವು ಪುಟ್ಟ ಸ್ಪೀಕರುಗಳಿರುವ ಇಯರ್‌ಫೋನಿನ ಸ್ವಭಾವವೇ ಬದಲಾಗುತ್ತದೆ. ಒಂದು ಕಡೆ ಸ್ವರ ಉಬ್ಬಿ, ಇನ್ನೊಂದು ಕಡೆ ತಗ್ಗುತ್ತದೆ. ಇದನ್ನೆಲ್ಲ ನನಗೆ ಕಲಿಸಿದವನು ಭಾವಮೈದುನನೇ. ತಾನು ಕಲಿಸಿದ್ದನ್ನು ತಾನೇ ಪಾಲಿಸುವುದಿಲ್ಲ ಎಂಬುದು ಬೇರೆ ಮಾತು.

ಇಷ್ಟಕ್ಕೂ ಡಬ್ಬಿಗಳನ್ನು ನಾನು ಕ್ಷಮಿಸಿಯೇನು. ಕ್ಷಮಿಸಲಾಗದ್ದು ಅವನ ಪ್ರಶ್ನೆಯನ್ನು.

"ವ್ಯತ್ಯಾಸ ಗೊತ್ತಾಯಿತೇ?"

ಈ ಪ್ರಶ್ನೆ ಕೇಳುವಾಗ ಅವನು ಔಷಧಿ ಕುಡಿಸಿ ಜ್ವರ ಇಳಿಯಿತೇ ಎಂದು ಕಾಯುವವನಂತೆ ನನ್ನ ಮುಖವನ್ನೇ ನೋಡುತ್ತಿರುತ್ತಾನೆ. ಆ ನೋಟದ ಎದುರು ಹಾಡು ಕೇಳಿ ನೋಡಿ, ನಿಮಗೆ ಗೊತ್ತಾಗುತ್ತದೆ. ಮುಖವನ್ನು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಹುಬ್ಬು ಏರಿಸಿದರೆ "ನೋಡಿದಿರಾ!" ಎನ್ನುತ್ತಾನೆ. ಏರಿಸದಿದ್ದರೆ "ಇನ್ನೊಮ್ಮೆ ಕೇಳಿ" ಎಂದು ಪಲ್ಲವಿಗೆ ಎಳೆದು ತರುತ್ತಾನೆ. ಕಣ್ಣು ಮುಚ್ಚಿದರೆ ನಾನು ತನ್ಮಯನಾದೆನೆಂದು ಭಾವಿಸಿ ಉತ್ಸಾಹದಿಂದ ಮೂರನೆಯ ಡಬ್ಬಿ ತೆಗೆಯುತ್ತಾನೆ. ಗೊತ್ತಾಗಲಿಲ್ಲ ಎಂದು ಹೇಳುವ ಧೈರ್ಯ ಮಾಡಿದರೆ ಅವನು ಬೇಸರಿಸುವುದಿಲ್ಲ, ಬೇಸರಿಸಿದರೆ ಎಷ್ಟೋ ವಾಸಿಯಿತ್ತು. ಮರುಕದಿಂದ ತಲೆ ಆಡಿಸಿ, "ಪರವಾಗಿಲ್ಲ ಭಾವ, ಕಿವಿ ಪಳಗಬೇಕು" ಎನ್ನುತ್ತಾನೆ. ಹೌದು ಎಂದುಬಿಟ್ಟರೆ ಇನ್ನೂ ಕಷ್ಟ: "ಏನು ವ್ಯತ್ಯಾಸ? ಹೇಳಿ ನೋಡೋಣ." ಇದಕ್ಕೆಂದು ನಾನು ಕೆಲವು ಉತ್ತರಗಳನ್ನು ಕಟ್ಟಿಟ್ಟುಕೊಂಡಿದ್ದೇನೆ. ಮಂದ್ರ ಬಿಗಿಯಾಗಿದೆ. ಗಾಯಕಿ ಒಂದು ಹೆಜ್ಜೆ ಮುಂದೆ ಬಂದಿದ್ದಾಳೆ. ವಾದ್ಯಗಳ ನಡುವೆ ಗಾಳಿಯಾಡುತ್ತಿದೆ. ಇವುಗಳಲ್ಲಿ ಯಾವುದನ್ನು ಯಾವ ಡಬ್ಬಿಗೆ ಹೇಳಿದರೂ ನಡೆಯುತ್ತದೆ. ಒಮ್ಮೆ ಅವನು ಡಬ್ಬಿಯನ್ನು ಬದಲಿಸುವುದರೊಳಗೆ, ಇನ್ನೂ ಹಳೆಯದರಲ್ಲೇ ಕೇಳುತ್ತಿರುವಾಗ, ಅವಸರಕ್ಕೆ "ಗಾಳಿಯಾಡುತ್ತಿದೆ" ಎಂದುಬಿಟ್ಟೆ. ಅವನು ಕ್ಷಣ ಯೋಚಿಸಿ, "ಹೌದು, ಬಿಸಿಯಾದ ಮೇಲೆ ಇದೂ ಸುಧಾರಿಸುತ್ತದೆ" ಎಂದ.

ದೂರದಲ್ಲಿದ್ದರೂ ಬಿಡುವುದಿಲ್ಲ. "2 ನಿಮಿಷ 14ನೇ ಸೆಕೆಂಡಿನಲ್ಲಿ ಗಾಯಕಿ ಉಸಿರೆಳೆದುಕೊಳ್ಳುವುದು ಕೇಳಿಸಿತೇ?" ಎಂದು ಸಂದೇಶ ಬರುತ್ತದೆ. ಪಿಟೀಲಿನವರ ಕುರ್ಚಿ ಕಿರುಗುಟ್ಟಿದ್ದು, ಯಾರೋ ಸ್ವರದ ಹಾಳೆ ತಿರುವಿದ್ದು, ಕೊಳಲಿನವರ ತುಟಿ ತೇವವಾಗಿದ್ದದ್ದು, ಇವೆಲ್ಲ ಅವನಿಗೆ ಕೇಳಿಸುತ್ತವೆ, ನನಗೂ ಕೇಳಿಸಬೇಕು. ಆ ಹಾಡಿನ ಸಾಹಿತ್ಯ ಏನು ಎಂದು ನಾನೊಮ್ಮೆ ಕೇಳಿದೆ. ಅವನು ಎರಡನೆಯ ಸಾಲಿಗೇ ತಡವರಿಸಿದ. ಒಂದು ಉಸಿರಿಗೂ ಇನ್ನೊಂದು ಉಸಿರಿಗೂ ನಡುವೆ ಹಾಡು ಎಂಬ ಅಡಚಣೆ ಬಂದುಹೋಗುತ್ತದೆ ಎಂದೇ ಅವನ ಭಾವನೆಯಿರಬೇಕು.

ಅವನ ಪರೀಕ್ಷೆಯಲ್ಲಿ ಯಾವಾಗಲೂ ಗೆಲ್ಲುವುದು ಹೊಸ ಡಬ್ಬಿಯೇ. ಕಾರಣವೂ ಸರಳ: ಹೊಸದರ ಸದ್ದು ಕೂದಲೆಳೆಯಷ್ಟು ಜೋರಾಗಿರುತ್ತದೆ. ಒಂದು ಡೆಸಿಬಲ್ ಆಚೀಚೆಯಾದರೂ ಕಿವಿ ಅದನ್ನು ಜೋರು ಎಂದು ಗುರುತಿಸುವುದಿಲ್ಲ, ಚೆನ್ನಾಗಿದೆ ಎಂದು ತೀರ್ಪು ಕೊಡುತ್ತದೆ. ಸದ್ದು ತಗ್ಗಿದಾಗ ಮಂದ್ರದ ದನಿಗಳು ನಮ್ಮ ಕಿವಿಗೆ ಉಳಿದವುಗಳಿಗಿಂತ ಹೆಚ್ಚು ಬಡವಾಗಿ ಕೇಳಿಸುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ಅಂದರೆ ಗುಂಡಿಯನ್ನು ಸ್ವಲ್ಪ ಏರಿಸಿದರೆ ಹಳೆಯ ಡಬ್ಬಿಯಲ್ಲೂ ಗಾಯಕಿ ಒಂದು ಹೆಜ್ಜೆ ಮುಂದೆ ಬರುತ್ತಾಳೆ. ಎರಡನ್ನೂ ಮೀಟರ್ ಹಿಡಿದು ಸಮ ಮಾಡಿ, ಯಾವುದು ಯಾವುದೆಂದು ಹೇಳದೆ ಕೇಳಿಸು ಎಂದೆ. "ಸಂಗೀತವನ್ನು ಹಾಗೆಲ್ಲ ಅಳೆಯಬಾರದು ಭಾವ" ಎಂದ. 14ನೇ ಸೆಕೆಂಡಿನ ಉಸಿರನ್ನು ಅಳೆಯುವವನು!

ನಿಜವಾಗಿ ನನ್ನ ಇಯರ್‌ಫೋನಿನ ಧ್ವನಿಯನ್ನು ಬದಲಿಸಿದ್ದು ಯಾವ ಡಬ್ಬಿಯೂ ಅಲ್ಲ, ತುದಿಯ ರಬ್ಬರ್ ಟೋಪಿ. ಸಣ್ಣದು, ಮಧ್ಯಮ, ದೊಡ್ಡದು ಎಂದು ಪೆಟ್ಟಿಗೆಯಲ್ಲೇ ಕೊಟ್ಟಿರುತ್ತಾರೆ. ಮಧ್ಯಮದ್ದೇ ಮೊದಲು ಸಿಕ್ಕಿಸಿರುತ್ತದೆ, ಉಳಿದವು ಪೊಟ್ಟಣದಲ್ಲೇ ಮುದಿಯಾಗುತ್ತವೆ. ಕಿವಿಯ ದಾರಿ ಪೂರ್ತಿ ಮುಚ್ಚದಿದ್ದರೆ ಮಂದ್ರ ಸೋರಿಹೋಗುತ್ತದೆ, ಎಷ್ಟು ಮಿಲಿವಾಟು ಸುರಿದರೂ ನಿಲ್ಲುವುದಿಲ್ಲ. ಬಲಗಿವಿಗೆ ದೊಡ್ಡದನ್ನೂ ಎಡಗಿವಿಗೆ ಮಧ್ಯಮದ್ದನ್ನೂ ಹಾಕಿದ ದಿನ ಕಾಣೆಯಾಗಿದ್ದ ತಬಲಾದ ಡಗ್ಗ ಇದ್ದಕ್ಕಿದ್ದಂತೆ ಬಂದು ಎದುರಿಗೆ ಕುಳಿತಿತು. ನನ್ನ ಎರಡು ಕಿವಿಗಳು ಒಂದೇ ಅಳತೆಯವಲ್ಲ ಎಂಬುದೂ ಅಂದೇ ತಿಳಿದದ್ದು. ಇದನ್ನು ಭಾವಮೈದುನನಿಗೆ ಹೇಳಿದರೆ ಅವನ ಮುಖ ಬಾಡಿತು. ರಬ್ಬರ್ ಟೋಪಿಗೆ ಗುಂಡಿಯಿಲ್ಲ, ದೀಪವಿಲ್ಲ, ಚಾರ್ಜು ಮಾಡಬೇಕಾಗಿಲ್ಲ. ಅದರಲ್ಲಿ ಹೆಮ್ಮೆಪಡುವುದಾದರೂ ಏನಿದೆ?

ಎರಡು ಕಿವಿಯ ಮಾತು ಬಂದದ್ದರಿಂದ ಇನ್ನೊಂದು ನೆನಪಾಗುತ್ತದೆ. ಚಿಕ್ಕವರಿದ್ದಾಗ ನನಗೂ ನನ್ನ ತಂಗಿಗೂ ಸೇರಿ ಒಂದೇ ಇಯರ್‌ಫೋನು, ಒಂದೇ ಕ್ಯಾಸೆಟ್ ಪ್ಲೇಯರ್. ಎಡ ಅವಳದು, ಬಲ ನನ್ನದು. ಜಗಳವಾಡಿ ಮಾಡಿಕೊಂಡ ಒಪ್ಪಂದ, ಮುರಿಯುವಂತಿರಲಿಲ್ಲ. ಸ್ಟೀರಿಯೊ ಎಂದರೆ ಹಾಡನ್ನು ಎರಡು ಪಾಲು ಮಾಡಿ ಹಂಚುವುದು ಎಂಬುದು ನಮಗೆ ಗೊತ್ತಿರಲಿಲ್ಲ. ವರ್ಷಗಳ ನಂತರ ಅದೇ ಹಾಡನ್ನು ಎರಡೂ ಕಿವಿಗೆ ಹಾಕಿಕೊಂಡು ಕೇಳಿದಾಗ ಎಡದಿಂದ ಒಂದು ಕೊಳಲು ಬಂತು. ಬಾಯಿಪಾಠವಾಗಿದ್ದ ಹಾಡು, ಆ ಕೊಳಲನ್ನು ಮಾತ್ರ ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ತಂಗಿಗೆ ಫೋನು ಮಾಡಿ, "ಆ ಹಾಡಿನಲ್ಲಿ ಕೊಳಲಿತ್ತೇ?" ಎಂದು ಕೇಳಿದೆ. "ಇತ್ತಲ್ಲ ಅಣ್ಣ. ಕೊಳಲಿನದೇ ಹಾಡಲ್ಲವೇ ಅದು?" ಎಂದಳು. ಅವಳು ಕೇಳಿದ್ದು ಕೊಳಲಿನ ಹಾಡು, ನಾನು ಕೇಳಿದ್ದು ಪಿಟೀಲಿನ ಹಾಡು. ಅಷ್ಟು ದೊಡ್ಡ ವ್ಯತ್ಯಾಸವನ್ನು ಆಮೇಲೆ ಯಾವ ಡಬ್ಬಿಯಲ್ಲೂ ನಾನು ಕೇಳಿಲ್ಲ.

ಇರಲಿ. ನಿನ್ನೆಯ ಕಥೆ ಮುಗಿದಿಲ್ಲ. ಡಬ್ಬಿಗಳ ಪರೀಕ್ಷೆ ಮಾಡಿ ದಣಿದ ಭಾವಮೈದುನ ಕೊನೆಗೆ ತನ್ನದೇ ಇಯರ್‌ಫೋನನ್ನು ಕಿವಿಗೆ ಹಾಕಿಕೊಂಡವನು ಮುಖ ಸಿಂಡರಿಸಿದ. ಎಡಗಡೆ ಸದ್ದು ತಗ್ಗಿದೆಯಂತೆ. ಆಂಪ್ ಬದಲಿಸಿದ, ಎಡ ತಗ್ಗಿಯೇ ಇತ್ತು. ಕೇಬಲ್ ಬದಲಿಸಿದ. 3.5 ಬಿಟ್ಟು 4.4 ಮಿಲಿಮೀಟರಿನ ಬ್ಯಾಲೆನ್ಸ್ಡ್ ಜಾಕಿಗೆ ಹೋದ. ಚಾನೆಲ್ ಹೊಂದಿಕೆ, ಕನೆಕ್ಟರಿನ ತುಕ್ಕು, ಆರ್ಮೇಚರಿನ ಆಯುಸ್ಸು ಎಂದು ಒಂದೊಂದಾಗಿ ಸಂಶಯಗಳನ್ನು ನನ್ನ ಮುಂದೆ ಹರಡಿದ. ನನ್ನ ಹೆಂಡತಿ ಓದುತ್ತಿದ್ದ ಪತ್ರಿಕೆ ಮಡಚಿಟ್ಟು, "ಕೊಡು ಇಲ್ಲಿ" ಎಂದು ತಮ್ಮನ ಕೈಯಿಂದ ಅದನ್ನು ಕಿತ್ತುಕೊಂಡಳು. ರಬ್ಬರ್ ಟೋಪಿ ಕಳಚಿ, ಬೆಳಕಿಗೆ ಹಿಡಿದು, ಒಣ ಬ್ರಷ್ಷಿನಿಂದ ಆ ಪುಟ್ಟ ಜಾಲರಿಯನ್ನು ಮೆಲ್ಲಗೆ ಉಜ್ಜಿ, ಬ್ರಷ್ಷಿನ ತುದಿಯನ್ನು ಅವನ ಮೂಗಿನ ಹತ್ತಿರ ಹಿಡಿದಳು.

"ಗುಗ್ಗೆ" ಎಂದಳು.

ಅವನು ಇಯರ್‌ಫೋನನ್ನು ಮತ್ತೆ ಕಿವಿಗೆ ಹಾಕಿಕೊಂಡ. ಎಡ ಬಲ ಸಮವಾಗಿದ್ದವು. ಅಕ್ಕ ಕೈ ಕಟ್ಟಿಕೊಂಡು ಅವನ ಮುಖವನ್ನೇ ನೋಡುತ್ತ, "ವ್ಯತ್ಯಾಸ ಗೊತ್ತಾಯಿತೇ?" ಎಂದು ಕೇಳಿದಳು. ಬದುಕಿನಲ್ಲಿ ಅಪರೂಪಕ್ಕೆ ಸಿಗುವ ನ್ಯಾಯವೆಂದು ನಾನು ಕಾಲು ಚಾಚಿ ಕುಳಿತೆ. ಅವನು ಮಾತ್ರ ಕಣ್ಣು ಮುಚ್ಚಿ ಪಲ್ಲವಿಯನ್ನು ಎರಡು ಸಲ ಕೇಳಿ, ಬ್ರಷ್ಷನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಕ್ಕ, ಇದರ ಕೂದಲು ಇನ್ನೂ ಮೆತ್ತಗಿರುವುದು ಸಿಗುತ್ತದೆಯೇ? ತಾರಸ್ವರ ಒಂದಿಷ್ಟು ಒರಟಾಗಿದೆ" ಎಂದ.