ಮೂರನೇ ಕೂಗು

ನಮ್ಮನೆ ಕುಕ್ಕರ್‌ಗೆ ಚಾಡಿ ಹೇಳುವ ಬುದ್ಧಿ. ರಾತ್ರಿ ಏಳೂವರೆಗೆ ಅದು ಮೂರು ಸಲ ಕೂಗಿದರೆ ಸಾಕು, ರೂಮಿನಲ್ಲಿ ಹೋಂವರ್ಕ್ ಮಾಡುತ್ತಿರುವ ಮಗನಿಗೆ ಊಟದ ಗುಟ್ಟೆಲ್ಲ ಗೊತ್ತಾಗಿಬಿಡುತ್ತದೆ. "ಅಪ್ಪಾ, ಇವತ್ತೂ ಸಾರಾ?" ಆ 'ತ್ತೂ' ಎಷ್ಟು ಉದ್ದ ಎಂದರೆ ಅದರೊಳಗೆ ಕಳೆದ ವಾರದ ಏಳು ರಾತ್ರಿಯೂ ಹಿಡಿಸುತ್ತವೆ.

ಅವನಿಗೆ ಒಂಬತ್ತು ವರ್ಷ. ಅನ್ನದ ಅಗುಳು ಒಂದಕ್ಕೊಂದು ಅಂಟಬಾರದು. ಟೊಮೆಟೊ ಸಿಪ್ಪೆ ಕಾಣಬಾರದು. ಸಾಸಿವೆ ಹಲ್ಲಿಗೆ ಸಿಗಬಾರದು. ಕರಿಬೇವನ್ನಂತೂ ಒಂದೊಂದೇ ಎತ್ತಿ ತಟ್ಟೆಯ ಅಂಚಿಗೆ ಸಾಲಾಗಿ ಕೂರಿಸುತ್ತಾನೆ. ಕೆಲಸ ಮುಗಿದ ಮೇಲೆ ಆಚೆಗಿಟ್ಟರೆ 'ಕರಿಬೇವಿನ ಹಾಗೆ ಮಾಡಿದರು' ಅಂತೀವಲ್ಲ, ಇವನು ಕೆಲಸ ಶುರುವಾಗುವ ಮೊದಲೇ ಆಚೆಗಿಡುತ್ತಾನೆ. ಬೇಳೆ ಕಲಬುರಗಿಯದು, 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ತೊಗರಿ. ಮಗನ ಮಾನ್ಯತೆ ಇನ್ನೂ ಸಿಕ್ಕಿಲ್ಲ.

ಮೊದಲು ಸಾರಿನ ಪುಡಿಯ ಮೇಲೆ ಅನುಮಾನ ಬಂತು. ಗುಂಟೂರು ಮೆಣಸಿನಕಾಯಿ ಬಿಟ್ಟು ಬರೀ ಬ್ಯಾಡಗಿ ಹಾಕಿ ಪುಡಿ ಮಾಡಿಸಿದೆ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆದರೆ ಅದು ಗೊತ್ತಿರುವುದು ನನಗೆ. ಅವನು ಕೆಂಪಗೆ ಹೊಳೆಯುವ ಸಾರನ್ನು ನೋಡಿದವನೇ, ತುತ್ತು ಬಾಯಿಗಿಡುವ ಮುಂಚೆಯೇ ಒಂದು ಲೋಟ ನೀರು ಕುಡಿದ.

ಕ್ಯಾರೆಟ್, ಬೀಟ್‌ರೂಟ್ ರುಬ್ಬಿ ಚಪಾತಿ ಹಿಟ್ಟಿನಲ್ಲಿ ಬಚ್ಚಿಡಿ ಅಂತ ಸುಮಾರು ಜನ ಹೇಳಿದರು. ನನಗೆ ಅದು ಹಿಡಿಸುವುದಿಲ್ಲ. ಒಂದು ಸಲ ಸಿಕ್ಕಿಬಿದ್ದರೆ ಆಮೇಲೆ ಬರೀ ಅನ್ನವನ್ನೂ ಕೆದಕಿ ನೋಡುತ್ತಾನೆ.

ಅಮ್ಮನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. "ನೀನೇನು ಕಮ್ಮಿ ಇದ್ಯೇನೋ?" ಅಂತ ಶುರು ಮಾಡಿದರು. "ಬೇಳೆ ಬೇಯಿಸೋದು ಒಂದೇ ಕಣೋ. ಬೆಂದ ಮೇಲೆ ಅದನ್ನ ಯಾವ ಕಡೆ ತಿರುಗಿಸ್ತೀಯ ನೋಡು."

ಇಷ್ಟು ವರ್ಷ ನಾನು ಒಂದೇ ಕಡೆ ತಿರುಗಿಸುತ್ತಿದ್ದೆ. ಈಗ ಮೂರು ಕಡೆ. ಮೇಲಿನ ಕಟ್ಟನ್ನು ಮಾತ್ರ ಬಸಿದು ಹುಣಿಸೆಹಣ್ಣು, ಪುಡಿ ಹಾಕಿದರೆ ತೆಳ್ಳಗೆ ಕಟ್ಟಿನ ಸಾರು. ಉಳಿದ ಬೇಳೆಗೆ ಹಸಿಮೆಣಸು, ಶುಂಠಿ ಹಾಕಿ ಕುದಿಸಿ, ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿದರೆ ತೊವ್ವೆ. ತೆಂಗಿನಕಾಯಿ ಮಸಾಲೆ ರುಬ್ಬಿ, ತರಕಾರಿ ಸೇರಿಸಿದರೆ ಹುಳಿ. ಒಂದು ಹಳದಿ, ಒಂದು ಕೆಂಪು, ಒಂದು ಎರಡೂ ಅಲ್ಲದ ಬಣ್ಣ. ಕುಕ್ಕರ್ ಈಗಲೂ ಮೂರೇ ಸಲ ಕೂಗುತ್ತದೆ, ಆದರೆ ಅರ್ಧ ಸುದ್ದಿ ಮಾತ್ರ ಹೇಳುತ್ತದೆ. ಇನ್ನರ್ಧಕ್ಕೆ ಅವನು ಅಡುಗೆಮನೆ ಬಾಗಿಲಿಗೆ ಬಂದು ಮೂಗು ಅರಳಿಸಬೇಕು.

ಗೆದ್ದೆ ಅನ್ನುವ ಜೋರಿನಲ್ಲಿ ಒಂದು ರಾತ್ರಿ ಕುಕ್ಕರ್ ಇಡಲೇ ಇಲ್ಲ. ಅನ್ನವನ್ನು ಪಾತ್ರೆಯಲ್ಲೇ ಬಸಿದೆ. ಬಾಲ್ಕನಿ ಕುಂಡದ ದೊಡ್ಡಪತ್ರೆ ಎಲೆಗಳನ್ನು ತುಪ್ಪದಲ್ಲಿ ಜೀರಿಗೆ ಜೊತೆ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸಿದೆ. ಮಲೆನಾಡಿನ ತಂಬುಳಿ. ಕೂಗಿಲ್ಲ, ಸುಳಿವಿಲ್ಲ. ಅವನು ಒಂದು ತುತ್ತು ತಿಂದು, "ಅಪ್ಪಾ, ಇದು ಕೆಮ್ಮಿನ ಔಷಧಿ" ಅಂದ. ತಪ್ಪೇನೂ ಹೇಳಲಿಲ್ಲ. ಹೋದ ತಿಂಗಳು ಕೆಮ್ಮಿಗೆ ಅಂತ ಅದೇ ಎಲೆಯ ರಸಕ್ಕೆ ಜೇನುತುಪ್ಪ ಹಾಕಿ ಕುಡಿಸಿದ್ದು ನಾನೇ.

ಕೊನೆಗೆ ಸಾಸಿವೆಯ ವಿಷಯದಲ್ಲಿ ಸ್ವಲ್ಪ ರಾಜಿಯಾಯಿತು. ಈಗ ಒಗ್ಗರಣೆ ಹಾಕುವಾಗ ಅವನನ್ನು ಕರೆಯುತ್ತೇನೆ. ಸೌಟಿನಲ್ಲಿ ತುಪ್ಪ ಕಾಯುತ್ತದೆ. ಸಾಸಿವೆ ಹಾಕುವುದು ಅವನ ಕೆಲಸ, ಒಂದು ಹೆಜ್ಜೆ ಹಿಂದೆ ನಿಂತು. ಕಾಳಿನೊಳಗಿನ ನೀರಿನಂಶ ಆವಿಯಾಗಿ ಸಿಪ್ಪೆ ಒಡೆಯುತ್ತದೆ ಅಂತ ಹೇಳಿದ್ದೆ. ಅಂದಿನಿಂದ ಚಟಪಟ ಅನ್ನುವುದನ್ನು ಎಣಿಸಲು ನೋಡುತ್ತಾನೆ. ಇಂಗು ಬಿದ್ದು, ಸೌಟು ಸಾರಿಗಿಳಿದು 'ಚೊಂಯ್' ಅಂದಾಗ ಅವನ ಮುಖ ನೋಡಬೇಕು. ತಾನೇ ಸಿಡಿಸಿದ ಸಾಸಿವೆ ಈಗ ಹಲ್ಲಿಗೆ ಸಿಕ್ಕರೂ ಸುಮ್ಮನೆ ಅಗಿಯುತ್ತಾನೆ.

ನಿನ್ನೆ ಮೂರನೇ ಕೂಗಿಗೆ ರೂಮಿನಿಂದ "ತೊವ್ವೆ!" ಅಂತ ಕೂಗಿದ. ನಾನಿನ್ನೂ ಏನೂ ತೀರ್ಮಾನ ಮಾಡಿರಲಿಲ್ಲ. ಡಬ್ಬಿ ನೋಡಿದರೆ ಶುಂಠಿ ಖಾಲಿ. ಸಾರೇ ಮಾಡಿದೆ. ಎರಡು ಸಲ ಹಾಕಿಸಿಕೊಂಡ. ತಟ್ಟೆಯ ಅಂಚಿನಲ್ಲಿ ಕರಿಬೇವು ಮಾತ್ರ ಹಾಗೇ ಕೂತಿತ್ತು, ಏಳು ಎಲೆ.