ಕಿಂಗ್ ರಾಂಚಿನ ಒಡತಿ ಮತ್ತು ನಮ್ಮ ಪುಣ್ಯಸ್ಮರಣೆಯ ಜಾಹೀರಾತುಗಳು

ಟೆಕ್ಸಾಸಿನ ಸಣ್ಣ ಊರುಗಳಲ್ಲಿ ರಾಂಚ್, ಅಂದರೆ ದನ ಮೇಯಿಸಿ ಸಾಕುವ ದೊಡ್ಡ ಹಿಡುವಳಿ, ನಡೆಸಿ ಬಾಳಿದ ಅಜ್ಜಿಯೊಬ್ಬರು ತೀರಿಕೊಂಡರೆ, ಸ್ಥಳೀಯ ಪತ್ರಿಕೆಯಲ್ಲಿ ಬರುವ ಬರಹ ಆಕೆ ಯಾರ ಮಗಳು, ಯಾರ ಹೆಂಡತಿ ಎಂಬಲ್ಲಿಗೆ ನಿಲ್ಲುವುದಿಲ್ಲ. ಯಾವ ವಯಸ್ಸಿನವರೆಗೆ ಕುದುರೆ ಏರುತ್ತಿದ್ದರು, ಬರಗಾಲದಲ್ಲಿ ಹಿಂಡನ್ನು ಹೇಗೆ ಉಳಿಸಿಕೊಂಡರು, ಕರುಗಳಿಗೆ ಮುದ್ರೆ ಒತ್ತುವ ದಿನ ಎಷ್ಟು ಜನರಿಗೆ ಅಡುಗೆ ಮಾಡಿ ಹಾಕುತ್ತಿದ್ದರು, ಯಾವ ಮೊಮ್ಮಗುವಿಗೆ ಬೇಲಿಯ ತಂತಿ ಬಿಗಿಯುವುದನ್ನು ಕಲಿಸಿದರು ಎಂಬುದೆಲ್ಲ ಅಲ್ಲಿರುತ್ತದೆ. ನಮ್ಮ ಕನ್ನಡ ಪತ್ರಿಕೆಗಳ ಪುಣ್ಯಸ್ಮರಣೆಯ ಪುಟದಲ್ಲಾದರೋ ಹಾರ ಹಾಕಿದ ಭಾವಚಿತ್ರ, ಜನನ ಮರಣದ ದಿನಾಂಕ, 'ನೀವು ನಮ್ಮನ್ನಗಲಿ ಇಂದಿಗೆ ಒಂದು ವರ್ಷ' ಎಂಬ ಸಾಲು, ಕೆಳಗೆ 'ದುಃಖತಪ್ತ ಕುಟುಂಬವರ್ಗ'. ನಲವತ್ತು ವರ್ಷ ಕೊಟ್ಟಿಗೆ ನಡೆಸಿದವರಿಗೂ ಒಂದು ದಿನವೂ ಸಗಣಿ ಮುಟ್ಟದವರಿಗೂ ಅದೇ ಒಕ್ಕಣೆ. ಟೆಕ್ಸಾಸಿನಲ್ಲಿ ನೆಲೆಸಿದ ಮೇಲೆ ಈ ವ್ಯತ್ಯಾಸ ನನ್ನನ್ನು ಕಾಡುತ್ತ ಬಂದಿದೆ.

ಇಲ್ಲಿನ ರೀತಿ ಎಂಥದೆಂದು ತಿಳಿಯಲು ಕಿಂಗ್ ರಾಂಚಿನ ಒಡತಿ ಹೆನ್ರಿಯೆಟಾ ಕಿಂಗ್ ಅವರನ್ನು ನೆನೆಯಬಹುದು. 1832ರಲ್ಲಿ ಮಿಸೌರಿಯಲ್ಲಿ ಕ್ರೈಸ್ತ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದ ಆಕೆ, 1854ರಲ್ಲಿ ಹಬೆಹಡಗಿನ ಕಪ್ತಾನ ರಿಚರ್ಡ್ ಕಿಂಗ್ ಅವರನ್ನು ಮದುವೆಯಾಗಿ ದಕ್ಷಿಣ ಟೆಕ್ಸಾಸಿನ ಮುಳ್ಳುಪೊದೆಗಳ ಬಯಲಿಗೆ ಬಂದರು. ಮೊದಲ ಮನೆ ಮಣ್ಣಿನ ಗುಡಿಸಲು. ಉಗ್ರಾಣ ಎಷ್ಟು ಚಿಕ್ಕದೆಂದರೆ ದೊಡ್ಡ ತಟ್ಟೆಗಳನ್ನು ಹೊರಗಿನ ಗೋಡೆಗೆ ಸಿಕ್ಕಿಸಬೇಕಾಗಿತ್ತು ಎಂದು ಆಕೆ ಮುಂದೆ ನೆನೆಸಿಕೊಂಡಿದ್ದಾರೆ. ಗಂಡ ವಜ್ರದ ಓಲೆ ತಂದುಕೊಟ್ಟಾಗ ಅಂಥ ಹೊಳಪು ತಮಗೆ ಸಲ್ಲದೆಂದು ವಜ್ರದ ಮೇಲೆ ಕಪ್ಪು ಎನಾಮೆಲ್ ಬಳಿಸಿ ತೊಟ್ಟರಂತೆ. ಈ ಕತೆಯನ್ನು ಅಲ್ಲಿಯವರು ಇಂದಿಗೂ ಹೇಳುತ್ತಾರೆ. ಗಂಡನ ಮನಸ್ಸನ್ನೂ ನೋಯಿಸದೆ ತಮ್ಮ ನೇಮವನ್ನೂ ಬಿಡದೆ ನಡೆದುಕೊಂಡ ಈ ಜಾಣ್ಮೆ ನಮ್ಮ ಅನೇಕ ಅಜ್ಜಿಯರಿಗೂ ಚೆನ್ನಾಗಿ ಗೊತ್ತಿದ್ದದ್ದೇ.

1885ರಲ್ಲಿ ಗಂಡ ತೀರಿಕೊಂಡಾಗ ಆಕೆಯ ಪಾಲಿಗೆ ಬಂದದ್ದು ಸುಮಾರು ಐದು ಲಕ್ಷ ಎಕರೆ ಭೂಮಿ ಮತ್ತು ಐದು ಲಕ್ಷ ಡಾಲರ್ ಸಾಲ. ಅಳಿಯ ರಾಬರ್ಟ್ ಕ್ಲೇಬರ್ಗ್ ಅವರನ್ನು ಜೊತೆಗಿಟ್ಟುಕೊಂಡು ಸಾಲ ತೀರಿಸಿದ್ದಲ್ಲದೆ, ಹತ್ತು ವರ್ಷದಲ್ಲಿ ಆಸ್ತಿಯನ್ನು ಆರೂವರೆ ಲಕ್ಷ ಎಕರೆಗೆ ಬೆಳೆಸಿದರು. ರೈಲುಮಾರ್ಗಕ್ಕೆ ಭೂಮಿ ಕೊಟ್ಟು ಕಿಂಗ್ಸ್‌ವಿಲ್ ಎಂಬ ಊರನ್ನೇ ಕಟ್ಟಿಸಿದರು, ಶಾಲೆ ಕಟ್ಟಿಸಿದರು, ತಮ್ಮ ಪಂಗಡದ್ದಲ್ಲದ ಇಗರ್ಜಿಗಳಿಗೂ ನಿವೇಶನ ಕೊಟ್ಟರು. ಇಷ್ಟನ್ನೂ ಮಾಡಿದ್ದು ಕಪ್ಪು ಬಟ್ಟೆ ಉಟ್ಟ ವಿಧವೆಯಾಗಿ, ಮಗಳು ಅಳಿಯ ಮೊಮ್ಮಕ್ಕಳೊಂದಿಗೆ ಒಂದೇ ಮನೆಯಲ್ಲಿದ್ದುಕೊಂಡು. 1925ರಲ್ಲಿ ಆಕೆ ತೀರಿಕೊಂಡಾಗ ರಾಂಚಿನ ಸುಮಾರು ಇನ್ನೂರು ದನಗಾಹಿ ಸವಾರರು ಶವವಾಹನದ ಇಕ್ಕೆಲದಲ್ಲಿ ಬಂದರು. ತೆರೆದ ಗುಂಡಿಯ ಸುತ್ತ ಒಬ್ಬೊಬ್ಬರಾಗಿ ಒಂದೊಂದು ಸುತ್ತು, ಹ್ಯಾಟನ್ನು ಕೆಳಗೆ ಹಿಡಿದು, ಕುದುರೆಯನ್ನು ಓಡಿಸಿ ಕೊನೆಯ ವಂದನೆ ಸಲ್ಲಿಸಿದರು. ರಾಂಚಿನ ಕೆಲಸವೇ ಅಂದು ಸಂಸ್ಕಾರವೂ ಆಯಿತು.

ದನ ಮತ್ತು ಸಾವು ಎರಡನ್ನೂ ಒಂದೇ ಕಲ್ಲಿನಲ್ಲಿ ಕೆತ್ತಿದ ನಾಡು ನಮ್ಮದೂ ಹೌದು. ತುರುಗೋಳಿನಲ್ಲಿ, ಅಂದರೆ ಶತ್ರುಗಳು ಹೊಡೆದೊಯ್ಯುತ್ತಿದ್ದ ದನಗಳನ್ನು ಬಿಡಿಸುವ ಕಾಳಗದಲ್ಲಿ, ಸತ್ತವರಿಗೆ ನಿಲ್ಲಿಸಿದ ವೀರಗಲ್ಲುಗಳು ಕರ್ನಾಟಕದುದ್ದಕ್ಕೂ ಇವೆ: ಕೆಳಗಿನ ಪಟ್ಟಿಕೆಯಲ್ಲಿ ದನಗಳೂ ಕಾಳಗವೂ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಆ ದನಗಳಿಗೆ ಹುಲ್ಲು ಹಾಕಿ, ಹಾಲು ಕರೆದು, ಕರು ಎತ್ತಿದ ಹೆಣ್ಣಿಗೆ ಮಾತ್ರ ಅದರಲ್ಲಿ ಜಾಗವಿಲ್ಲ. ಹೆಣ್ಣಿಗೆಂದು ಬೇರೆ ನಿಲ್ಲಿಸಿದ್ದು ಮಾಸ್ತಿಕಲ್ಲು: ಬಳೆ ತೊಟ್ಟು, ಮೊಣಕೈ ಮಡಿಸಿ, ಮೇಲೆತ್ತಿದ ತೋಳು. ಗಂಡನ ಹಿಂದೆ ಸತ್ತವಳಿಗೆ ಆ ಕಲ್ಲು. ಗಂಡನ ನಂತರ ಬದುಕಿ ಸಾಲ ತೀರಿಸಿ ಮೊಮ್ಮಕ್ಕಳನ್ನು ಬೆಳೆಸಿದವಳಿಗೆ ಯಾವ ಕಲ್ಲೂ ಇಲ್ಲ. ಇಂದಿನ ಪುಣ್ಯಸ್ಮರಣೆಯ ಜಾಹೀರಾತಿನಲ್ಲಿ ನನಗೆ ಕಾಣುವುದು ಇದೇ ಹಳೆಯ ಮೌನ.

ಹಾಗೆಂದು ಇಲ್ಲಿನವರನ್ನು ಹೊಗಳುತ್ತ ಕೂರುವವನಲ್ಲ ನಾನು. ಅಮೆರಿಕದ ಕೃಷಿ ಗಣತಿ ಬಹುಕಾಲ ಒಂದು ಹೊಲಕ್ಕೆ ಒಬ್ಬನೇ ಒಡೆಯನೆಂದು ಬರೆದುಕೊಂಡದ್ದರಿಂದ ಗಂಡನ ಸರಿಸಮ ದುಡಿದ ಹೆಂಡತಿ ಲೆಕ್ಕಕ್ಕೇ ಸಿಗಲಿಲ್ಲ. 2002ರಲ್ಲಿ ಮೂವರವರೆಗೆ ಬರೆಯಲು ಅವಕಾಶ ಬಂತು, 2017ರ ಹೊತ್ತಿಗೆ ಕೃಷಿಕರಲ್ಲಿ ಶೇ. 36ರಷ್ಟು ಹೆಂಗಸರು ಎಂದು ಗೊತ್ತಾಯಿತು. ಅಂದರೆ ಅಜ್ಜಿಯ ದುಡಿಮೆಯನ್ನು ಸರ್ಕಾರಕ್ಕಿಂತ ಎಷ್ಟೋ ಮೊದಲೇ ಊರಿನ ಪತ್ರಿಕೆ ಬರೆದಿಟ್ಟಿತ್ತು. ಕಿಂಗ್ ಅವರ ಕತೆಯಲ್ಲೂ ಹೇಳದೆ ಬಿಡುವ ಭಾಗಗಳಿವೆ. ಆ ಭೂಮಿಯ ಮೊದಲ ಹದಿನೈದು ಸಾವಿರ ಚಿಲ್ಲರೆ ಎಕರೆಯನ್ನು 1853ರಲ್ಲಿ ಮೆಕ್ಸಿಕನ್ ಕುಟುಂಬವೊಂದರ ವಾರಸುದಾರರಿಂದ ಕೊಂಡದ್ದು ಮುನ್ನೂರು ಡಾಲರಿಗೆ. ಬರದಿಂದ ಕಂಗೆಟ್ಟ ಮೆಕ್ಸಿಕೋದ ಹಳ್ಳಿಯೊಂದರಿಂದ ಗುಳೆ ಬಂದು ತಲೆಮಾರುಗಟ್ಟಲೆ ದುಡಿದವರ ಮಕ್ಕಳು ಮೊಮ್ಮಕ್ಕಳೇ ಶವವಾಹನದ ಜೊತೆ ಬಂದ ಆ ಸವಾರರಲ್ಲಿ ಹಲವರು. ಅವರ ಮನೆಯ ಅಜ್ಜಿಯರಿಗೆ ಯಾರೂ ಕುದುರೆ ಓಡಿಸಿದ್ದಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಹೆನ್ರಿಯೆಟಾ ಅವರ ಕೊನೆಯ ವರ್ಷಗಳಲ್ಲಿ ಆ ರಾಂಚಿನಲ್ಲಿ ಶಾರ್ಟ್‌ಹಾರ್ನ್ ಮತ್ತು ಬ್ರಾಹ್ಮನ್ ದನಗಳ ಮಿಶ್ರತಳಿ ರೂಪುಗೊಳ್ಳುತ್ತಿತ್ತು. 1920ರಲ್ಲಿ ಹುಟ್ಟಿದ ಮಂಕಿ ಎಂಬ ಹೋರಿಯಿಂದ ಬಂದ ಸಾಂತಾ ಗೆರ್ಟ್ರೂಡಿಸ್ ತಳಿಗೆ 1940ರಲ್ಲಿ ಸರ್ಕಾರದ ಮಾನ್ಯತೆ ಸಿಕ್ಕಿತು. ಅದನ್ನು ಬೆಳೆಸಿದವರಲ್ಲಿ ಮುಖ್ಯರು ಆಕೆಯ ಮೊಮ್ಮಗ. ಅಮೆರಿಕದ ಬ್ರಾಹ್ಮನ್ ತಳಿಯ ಮೂಲದಲ್ಲಿ ಗಿರ್, ಓಂಗೋಲ್, ಕಾಂಕ್ರೇಜ್‌ಗಳ ಜೊತೆ ನಮ್ಮ ಕೃಷ್ಣಾ ಕಣಿವೆಯ ದನವೂ ಇದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಕರಿಮಣ್ಣಿನಲ್ಲಿ ಉಳುತ್ತಿದ್ದ ಆ ತಳಿಯನ್ನು ಕಾಪಾಡಿದ ಮನೆಗಳಲ್ಲಿ ಬೆಳಗಿನ ಜಾವ ಎದ್ದು ಹಿಂಡಿ ಕಲಸಿದ ಅಜ್ಜಿಯರಿದ್ದರು. ಅವರೊಬ್ಬರ ಹೆಸರೂ ಯಾವ ತಳಿಚರಿತ್ರೆಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಈಗಲೂ ಕರ್ನಾಟಕದ ಹಳ್ಳಿಗಳಲ್ಲಿ ಡೇರಿಗೆ ಹಾಲು ಹಾಕುವ ಸಾಲಿನಲ್ಲಿ ನಿಂತವರಲ್ಲಿ ಹೆಂಗಸರೇ ಹೆಚ್ಚು. ಮಹಿಳೆಯರದೇ ಹಾಲು ಉತ್ಪಾದಕರ ಸಂಘಗಳೂ ಇವೆ. ಪಹಣಿಯಲ್ಲಿ ಹೆಸರು ಗಂಡನದು ಅಥವಾ ಮಗನದು. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಹೆಂಗಸರ ಹೆಸರಿನಲ್ಲಿದ್ದುದು ಶೇ. 14ರಷ್ಟು ಮಾತ್ರ. ಪಹಣಿ ತಿದ್ದುವುದು ಕಂದಾಯ ಇಲಾಖೆಯ ಕೆಲಸವಾದರೂ, ಪುಣ್ಯಸ್ಮರಣೆಯ ಜಾಹೀರಾತನ್ನು ಬರೆಯುವವರು ನಾವೇ. ಹೊರನಾಡಿನಲ್ಲಿರುವ ನಾವಂತೂ ಊರಿಗೆ ದುಡ್ಡು ಕಳಿಸಿ, ವಾಟ್ಸಾಪಿನಲ್ಲಿ ಬಂದ ಕರಡಿಗೆ 'ಸರಿ' ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಆ ಕರಡಿಗೆ ಎರಡು ಸಾಲು ಸೇರಿಸೋಣ ಎಂಬುದು ನನ್ನ ಕೋರಿಕೆ: ಅಜ್ಜಿ ಎಷ್ಟು ದನ ಕಟ್ಟಿದ್ದರು, ಯಾವ ವರ್ಷ ಮೇವಿಲ್ಲದೆ ಒಡವೆ ಅಡ ಇಟ್ಟರು, ಹಾಲಿನ ದುಡ್ಡಿನಲ್ಲಿ ಯಾರನ್ನು ಓದಿಸಿದರು. ಜಾಗ ಸಾಲದಿದ್ದರೆ ಕೆಳಗಿನ ಹೆಸರುಗಳ ಪಟ್ಟಿಯಿಂದ ನಾಲ್ಕು ಹೆಸರು ತೆಗೆಯಬಹುದು. ಇಬ್ಬರು ಅಳಿಯಂದಿರು ಮುನಿಸಿಕೊಂಡರೂ ಚಿಂತೆಯಿಲ್ಲ.