ಕಲ್ಲು ನಿಂತಿದೆ, ಬೋರ್ಡು ಮಲಗಿದೆ

ಏರ್‌ಪೋರ್ಟ್ ರೋಡಿಂದ ಸ್ವಲ್ಪ ಒಳಗೋದ್ರೆ ಬಯಲಲ್ಲಿ ಒಂದು ನಿಲುವುಗಲ್ಲಿದೆ, ಆಳೆತ್ತರ, ಬೃಹತ್ ಶಿಲಾಯುಗದ್ದು. ಪಕ್ಕದಲ್ಲಿ ಪುರಾತತ್ವ ಇಲಾಖೆಯವರ ನೀಲಿ ಬೋರ್ಡು: ಸಂರಕ್ಷಿತ ಸ್ಮಾರಕ, 1958ರ ಕಾಯ್ದೆ, ಹಾನಿ ಮಾಡಿದ್ರೆ 2 ವರ್ಷದವರೆಗೂ ಜೈಲು, ಇಲ್ಲ 1 ಲಕ್ಷದವರೆಗೂ ದಂಡ, ಇಲ್ಲ ಎರಡೂ. ಕಲ್ಲು ಎರಡು ಸಾವಿರ ವರ್ಷದಿಂದ ನೆಟ್ಟಗೆ ನಿಂತಿದೆ, ಬೋರ್ಡು ಹೋದ ಮಳೆಗಾಲದಲ್ಲೇ ಅಂಗಾತ ಮಲಗ್ತು. ಈಗ ಅದರ ಮೇಲೆ ಒಬ್ಬರು ಅಜ್ಜಿ ಹುಣಸೇಹಣ್ಣು ಒಣಗಿಸ್ತಾರೆ.

ಇದನ್ನ ಯಾತಕ್ಕೆ ನಿಲ್ಸಿದ್ರು ಅನ್ನೋದೇ ದೊಡ್ಡ ತಲೆನೋವಂತೆ. ಸತ್ತೋರ ನೆನಪಿಗೆ ಅಂತಾರೆ. ಶಿವಮೊಗ್ಗ ಜಿಲ್ಲೆ ನಿಲಸ್ಕಲ್‌ನಲ್ಲಿ, ಊರಿಗೆ ಹೆಸರು ಬಂದಿದ್ದೇ ಇಂಥ ಕಲ್ಲಿಂದ, ಅಲ್ಲಿ ಅಳೆದು ನೋಡಿದ ಸಂಶೋಧಕರು ಕೆಲವು ಜೋಡಿಕಲ್ಲು ಅಯನ ಬದಲಾಗೋ ದಿನ ಸೂರ್ಯ ಹುಟ್ಟೋ, ಮುಳುಗೋ ದಿಕ್ಕಿಗೇ ಸರಿಯಾಗಿ ಕೂರ್ತವೆ ಅಂದಿದಾರೆ, ಅಂದ್ರೆ ಕ್ಯಾಲೆಂಡರ್ ಇರಬಹುದು. ಕೊಪ್ಪಳ ಜಿಲ್ಲೆ ಹಿರೇಬೆಣಕಲ್‌ನಲ್ಲಿರೋ ಅದೇ ಕಾಲದ ಚಪ್ಪಡಿ ಕಲ್ಮನೆಗಳನ್ನಂತೂ ಜನ ಮೋರ್ಯರು ಅನ್ನೋ ಕುಳ್ಳರ ಮನೆ ಅಂದು ಮುಗಿಸಿಬಿಟ್ಟಿದಾರೆ, ಸಂಶೋಧನೆ ಖರ್ಚೇ ಇಲ್ಲ.

ನಾನು ಒಂದು ಭಾನುವಾರ ಬೆಳಗ್ಗೆ ಅಲ್ಲೇ ಕೂತು ನೋಡ್ದೆ ನೋಡಿ, ಒಂದೇ ಗಂಟೇಲಿ ಉಪಯೋಗ ಎಲ್ಲಾ ಗೊತ್ತಾಯ್ತು. ಕಲ್ಲಿನ ಹೆಗಲಿಗೆ ಇಂಟರ್‌ನೆಟ್‌ನವರು ಕಪ್ಪು ಕೇಬಲ್ ಸುತ್ತಿ ನೇತಾಕಿದಾರೆ, ನಡುವಿಗೆ ಯಾರೋ ಅಣ್ಣನ ಹುಟ್ಟುಹಬ್ಬದ ಫ್ಲೆಕ್ಸ್ ಹಗ್ಗ, ಹೊಟ್ಟೆ ಮೇಲೆ ಮೂಲವ್ಯಾಧಿ ಪೋಸ್ಟರ್, ಅದನ್ನ ಅರ್ಧ ಕಿತ್ತು ಅಲ್ಲೇ ಬೋರ್‌ವೆಲ್ ನಂಬರ್ರು, ಬುಡದಲ್ಲಿ ಅರಿಶಿನ ಕುಂಕುಮ, ಎರಡು ನಿಂಬೆಹಣ್ಣು. ಒಂದು ಹಸು ಬಂದು ಐದು ನಿಮಿಷ ಬೆನ್ನು ಉಜ್ಕೊಂಡು ಹೋಯ್ತು, ಇಷ್ಟು ಜನದಲ್ಲಿ ಕಲ್ಲಿಗೆ ಏನೂ ಅಂಟಿಸದೆ ಹೋಗಿದ್ದು ಅದೊಂದೇ.

ಅಷ್ಟರಲ್ಲಿ ಸೈಟ್ ಬ್ರೋಕರ್ ಒಬ್ಬ ಬೈಕ್ ನಿಲ್ಸಿ, ‘ಸೈಟ್ ನೋಡ್ತಿದೀರಾ ಸಾರ್? ಹೆರಿಟೇಜ್ ವ್ಯೂ’ ಅಂದ. ಸ್ಮಾರಕದಿಂದ 100 ಮೀಟರ್ ಏನೂ ಕಟ್ಟಂಗಿಲ್ವಲ್ಲಪ್ಪ, ಆಮೇಲಿನ 200 ಮೀಟರ್‌ಗೂ ಪರ್ಮಿಷನ್ ಬೇಕು ಅಂದೆ. ಅವನು ಒಂದು ನಿಮಿಷ ಯೋಚನೆ ಮಾಡಿ ಹತ್ರ ಬಂದು ಮೆತ್ತಗೆ, ‘ಕಲ್ಲಿಂದ ತಾನೆ ಸಾರ್ ಅಳೆಯೋದು? ಕಲ್ಲನ್ನೇ ಸ್ವಲ್ಪ ಆಕಡೆ ಸರಿಸಿದ್ರೆ?’

ಹೊರಡೋವಾಗ ಅಜ್ಜಿ ನನ್ನ ಬ್ಯಾಗು, ನೋಟ್‌ಬುಕ್ಕು ನೋಡಿ ಇಲಾಖೆಯವನೇ ಅಂದ್ಕೊಂಡ್ರು.

‘ಹೊಸಾ ಬೋರ್ಡ್ ಹಾಕ್ತೀರೇನಪ್ಪಾ?’

‘ಹಾಕ್ಬೋದು ಅಜ್ಜಿ.’

‘ಈ ಸಲ ಸ್ವಲ್ಪ ಅಗಲ್ವಾಗಿ ಮಾಡ್ಸು, ಹಣ್ಣು ಜಾಸ್ತಿ ಐತೆ.’